ಕಪ್ಪು ಪರದೆಯಲ್ಲಿ ಹೂಡೆಯ ಹೊಳೆ

ಕಂಪ್ಯೂಟರಿನ ಕಪ್ಪು ಪರದೆಗೆ ನಾನು ಬಹಳ ಕಾಲ ಹೆದರುತ್ತಿದ್ದೆ. ಅಲ್ಲಿ ಒತ್ತಲಿಕ್ಕೆ ಚಿತ್ರಗಳಿಲ್ಲ, ಬೇಕಾದ್ದನ್ನು ಬರೆದೇ ಹೇಳಬೇಕು. ಪ್ರತಿ ಕಮಾಂಡನ್ನೂ ಅಕ್ಷರ ಬಿಡದೆ ಬರೆಯುತ್ತಿದ್ದೆ. ಒಂದು ತಪ್ಪಿದರೆ ಇಡೀ ಸಾಲು ಅಳಿಸಿ ಮತ್ತೆ ಶುರು. ಇದಕ್ಕೆ ಶೆಲ್ ಎನ್ನುತ್ತಾರೆ, ಅಂದರೆ ಚಿಪ್ಪು. ಒಳಗೆ ಜೀವ ಇರುವುದು ನನಗೊಬ್ಬಳಿಗೆ ಕಾಣುತ್ತಿರಲಿಲ್ಲ.

ಮಣಿಪಾಲದ ನಮ್ಮ ಕೋಣೆಯಲ್ಲಿ ನನ್ನ ಜೊತೆ ಕೆಲಸ ಮಾಡುವವಳು ಹತ್ತಿರದ ಹೂಡೆ ಎಂಬ ಊರಿನ ನಸೀಮಾ. ಕರಾವಳಿಯ ಹಕ್ಕಿಗಳ ಕೂಗನ್ನು ರೆಕಾರ್ಡ್ ಮಾಡಿ ಜೋಡಿಸಿಡುವುದು ನಮ್ಮ ಕೆಲಸ. ನನ್ನ ಟೈಪಿಂಗ್ ನೋಡಿ ನೋಡಿ ಒಂದು ದಿನ ಅವಳಿಗೆ ತಡೆಯಲಾಗಲಿಲ್ಲ.

"ಅಕ್ಕ, ಇಷ್ಟುದ್ದ ಬರೆಯುವುದು ಎಂತಕ್ಕೆ? ಫೈಲಿನ ಹೆಸರಿನ ಎರಡು ಅಕ್ಷರ ಹಾಕಿ ಟ್ಯಾಬ್ ಒತ್ತಿ. ಉಳಿದದ್ದನ್ನು ಅದೇ ಬರೆಯುತ್ತದೆ."

ಒತ್ತಿದೆ. ಬರೆಯಿತು. ಮೇಲ್ಮುಖದ ಬಾಣ ಒತ್ತಿದರೆ ನಿನ್ನೆ ಮೊನ್ನೆ ಬರೆದದ್ದೆಲ್ಲ ಒಂದೊಂದಾಗಿ ಎದ್ದು ಬಂತು. ಆ ಮಧ್ಯಾಹ್ನ ಕೆಲಸ ಬಿಟ್ಟು ನನ್ನ ಹಳೆಯ ತಪ್ಪುಗಳ ನಡುವೆಯೇ ಅಡ್ಡಾಡಿದೆ. ಅದೂ ಒಂದು ಸುಖ.

ಮಳೆಗಾಲ ಕಳೆಯುವಾಗ ನಸೀಮಾಳ ಅಜ್ಜಿ ತೀರಿಕೊಂಡರು. ಹೂಡೆಯ ಹೊಳೆಬದಿಯ ಅವರ ಅಂಗಳದಲ್ಲೇ ನಾವು ಎಷ್ಟೋ ಸಲ ಮೈಕ್ ಇಟ್ಟಿದ್ದೆವು. ಕೆಲಸಕ್ಕೆ ಮರಳಿದವಳು ಮೆಲ್ಲಗೆ ಕೇಳಿದಳು, "ಅಜ್ಜಿ ಅಲ್ಲೇ ಕೂತು ಹಾಡುತ್ತಿದ್ದರು. ಯಾವುದರಲ್ಲಾದರೂ ಅವರ ದನಿ ಉಂಟಾ ಅಂತ ನೋಡುತ್ತೀರಾ? ನನಗೆ ಧೈರ್ಯ ಇಲ್ಲ."

ಫೈಲುಗಳಿಗೆ ಇದ್ದದ್ದು ಊರಿನ ಹೆಸರು ಮತ್ತು ಸಂಖ್ಯೆ ಮಾತ್ರ. ಒಂದೊಂದನ್ನೇ ತೆರೆಯುತ್ತ ಕೂತರೆ ಮುಗಿಯುವಂಥದ್ದಲ್ಲ. ಅವಳು ಕಲಿಸಿದ್ದನ್ನು ನೆಚ್ಚಿಕೊಂಡು, ತಪ್ಪಿ, ತಿದ್ದಿ, ಒಂದು ಸಾಲು ಬರೆದೆ: ಹೂಡೆಯ ಪ್ರತಿ ಫೈಲಿನ ಹೆಸರು ತೋರಿಸಿ, ಮೊದಲ ಸ್ವಲ್ಪ ಭಾಗ ಕೇಳಿಸಿ, ಮುಂದಕ್ಕೆ ಹೋಗು. ಎಂಟರ್ ಒತ್ತಿ ಕಣ್ಣು ಮುಚ್ಚಿದೆ.

ಕೋಣೆಯೊಳಗೆ ಹೊಳೆ ಹರಿಯತೊಡಗಿತು. ಟಿಟ್ಟಿಭ ಹಕ್ಕಿಯ ಕೂಗು, ದೋಣಿಯ ಮೋಟಾರು, ತೆಂಗಿನ ಗರಿಯಲ್ಲಿ ಗಾಳಿ, ದೂರದ ಮಸೀದಿಯ ಬಾಂಗ್, ಮಳೆ, ಮತ್ತೆ ಟಿಟ್ಟಿಭ. ನಾನು ಎಚ್ಚರದಲ್ಲಿದ್ದೆನೋ ನಿದ್ದೆಯಲ್ಲಿದ್ದೆನೋ, ಬೇಸಿಗೆಯ ಬೆನ್ನಿಗೇ ಆಷಾಢ ಬಂದು ಹೋಗುತ್ತಿತ್ತು. ಅದರ ನಡುವೆ ಒಂದು ವಯಸ್ಸಾದ ದನಿ.

ಓಡುತ್ತಿದ್ದ ಸಾಲನ್ನು ತಡೆದು, ನಸೀಮಾಳನ್ನು ಕರೆದು, ಆ ಫೈಲನ್ನೇ ಮತ್ತೆ ಹಾಕಿದೆ. ಅದು ಹಾಡಾಗಿರಲಿಲ್ಲ. ಅಜ್ಜಿ ತಮ್ಮ ಬ್ಯಾರಿ ಭಾಷೆಯಲ್ಲಿ ಏನೋ ಗೊಣಗುತ್ತಿದ್ದರು. ಅವಳು ಮೂರು ಸಲ ಕೇಳಿಸಿಕೊಂಡಳು.

"ಎಂತ ಹೇಳುತ್ತಿದ್ದಾರೆ?" ಎಂದೆ.

"ನಿಮ್ಮದೇ ವಿಷಯ ಅಕ್ಕ. ಈ ಹೆಂಗಸು ಹಕ್ಕಿಯ ಹಿಂದೆ ಬಿದ್ದು ಚಾ ಕುಡಿಯಲೇ ಇಲ್ಲ, ತಣಿದು ಹೋಯಿತು, ಬೇರೆ ಮಾಡಿಕೊಡು ಅಂತ ನನಗೆ ಹೇಳುತ್ತಿದ್ದಾರೆ."

ಹಾಡು ಮುಂದಿನ ಫೈಲುಗಳಲ್ಲಿ ಇರಬಹುದು, ಹುಡುಕೋಣವಾ ಎಂದೆ. ಅವಳು ಕಣ್ಣೊರೆಸಿಕೊಂಡು, "ಇವತ್ತಿಗೆ ಇಷ್ಟು ಸಾಕು, ಅದು ಇನ್ನೊಂದು ದಿನಕ್ಕೆ ಇರಲಿ," ಎಂದಳು. ಬೇಗ ಮುಗಿಸುವುದನ್ನು ಕಲಿಸಿದವಳೇ ಹಾಗೆಂದ ಮೇಲೆ ನಾನು ತಡೆದಿದ್ದ ಸಾಲನ್ನು ಅಲ್ಲಿಗೇ ಬಿಟ್ಟೆ. ಇಬ್ಬರೂ ಕ್ಯಾಂಟೀನಿಗೆ ಇಳಿದು ಚಾ ಕುಡಿದೆವು, ಬಿಸಿ ಇರುವಾಗಲೇ.