ಅವ್ವ ಬೆಲ್ಲ ಬಿಟ್ಟ ಆರು ತಿಂಗಳು

ಬನಹಟ್ಟಿಯಲ್ಲಿ ಸೀರೆ ಮಾರುವವನಿಗೆ ಸೀರೆ ಉಡುವುದಕ್ಕೂ ಬರಬೇಕು. ಗಿರಾಕಿಗಳು ಗಾದಿಯ ತುದಿಗೆ ಕುಳಿತು "ಮೈಮ್ಯಾಲ ಹ್ಯಾಂಗ ಕಾಣತೈತಿ ತೋರಸ್ರಿ" ಎಂದ ಕೂಡಲೇ ಎದ್ದು ನಿಂತು, ಅಂಗಿ ಪ್ಯಾಂಟಿನ ಮೇಲೆಯೇ ನೆರಿಗೆ ಹಿಡಿದು, ಸೆರಗನ್ನು ಹೆಗಲಿಗೆ ಎಳೆದುಕೊಂಡು ಒಂದು ಸುತ್ತು ತಿರುಗಿ ತೋರಿಸಬೇಕು. ನಮ್ಮಪ್ಪ ಹಾಗೆ ನಿಂತರೆ ಹೆಂಗಸರಿಗೆ ಅವನ ಮೀಸೆ ಮರೆತೇ ಹೋಗಿ ಸೀರೆಯೊಂದೇ ಕಾಣುತ್ತಿತ್ತು. ಅಂಗಡಿ ನನ್ನ ಕೈಗೆ ಬಂದ ಮೇಲೆ ಈ ಪದ್ಧತಿಗೆ ಒಂದು ತೊಡಕು ಎದುರಾಯಿತು. ನಾನು ನೂರ ಮೂವತ್ತೆರಡು ಕಿಲೋ ಇದ್ದೆ.

ಒಂದು ದಿನ ಬೀಳಗಿಯಿಂದ ಮದುವೆ ಜವಳಿಗೆಂದು ಹತ್ತು ಹನ್ನೆರಡು ಜನ ಬಂದಿದ್ದರು. ಅವರಲ್ಲಿ ಹಿರಿಯಳೊಬ್ಬಳು ಕೆಂಪು ದಡಿಯ ಸೀರೆಯೊಂದನ್ನು ಉಟ್ಟು ತೋರಿಸಲು ಹೇಳಿದಳು. ಸುತ್ತಿದೆ. ನೆರಿಗೆಗೆ ಬಟ್ಟೆ ಉಳಿಯಲಿಲ್ಲ. ನೆರಿಗೆ ಬಿಟ್ಟು ಸೆರಗಾದರೂ ಹಾಕೋಣವೆಂದರೆ ಅದು ಹೆಗಲಿಗೆ ಬರದೆ ಎದೆಯ ಹತ್ತಿರವೇ ನಿಂತಿತು. ಆಕೆ ತಲೆ ಓರೆ ಮಾಡಿ ನನ್ನನ್ನೊಮ್ಮೆ ಸೀರೆಯನ್ನೊಮ್ಮೆ ನೋಡಿ, "ಅಣ್ಣಾರ, ನಿಮಗ ಸಾಲಲಾರದ್ದು ನಮ್ಮ ಬೀಗತಿಗೆ ಹ್ಯಾಂಗ ಸಾಲತೈತ್ರಿ?" ಎಂದಳು. ಅಂಗಡಿ ತುಂಬ ನಗೆ. ಎಲ್ಲರಿಗಿಂತ ಹೆಚ್ಚು ಹೊತ್ತು ನಕ್ಕವನು ನಾನೇ. ಆದರೆ ಅವರು ಹೋದ ಮೇಲೆ ಅಂಗಡಿಯ ಮೇಲಿನ ನಮ್ಮ ಮನೆಗೆ ಹದಿನೇಳು ಮೆಟ್ಟಿಲು ಹತ್ತುವಾಗ ಎರಡು ಸಲ ನಿಂತು ಉಸಿರು ತೆಗೆದುಕೊಂಡೆ. ಮೊಣಕಾಲು ಹೋಗಿದ್ದವು, ಸಕ್ಕರೆ ಕಾಯಿಲೆ ಬಂದಿತ್ತು, ನಿದ್ದೆಯಲ್ಲಿ ನನ್ನ ಗೊರಕೆ ನಿಂತು ಮತ್ತೆ ಶುರುವಾಗುವುದನ್ನು ಕಾಯುತ್ತ ಹೆಂಡತಿ ಎದ್ದು ಕೂಡುತ್ತಿದ್ದಳು. ತೂಕ ಇಳಿಸುವ ಆಪರೇಷನ್ ಮಾಡಿಸಿಯೇ ಬಿಡೋಣವೆಂದು ಇಬ್ಬರೂ ನಿರ್ಧರಿಸಿದೆವು.

ಜಠರದ ಮುಕ್ಕಾಲು ಭಾಗ ಕತ್ತರಿಸಿ ತೆಗೆದು, ಒಂದು ಬಾಳೆಹಣ್ಣಿನಷ್ಟು ಚೀಲ ಉಳಿಸುತ್ತಾರೆ. ತುಸು ತಿಂದರೆ ಸಾಕು, ತುಂಬುತ್ತದೆ. ಇದನ್ನು ಅವ್ವನಿಗೆ ಹೇಳುವುದು ಹೇಗೆ ಎಂಬುದೇ ದೊಡ್ಡ ಚಿಂತೆಯಾಯಿತು. ನನ್ನ ಅವ್ವ ರನ್ನ ಬೆಳಗಲಿಯ ಕಬ್ಬಿನ ಹೊಲದವರ ಮಗಳು. ಉಣ್ಣಿಸುವುದರಲ್ಲಿ ಆಕೆಗೆ ಆಕೆಯೇ ಸಾಟಿ. ನಾನು ತಾಟಿನ ಮೇಲೆ ಕೈ ಅಡ್ಡ ಹಿಡಿದರೆ ಬೆರಳುಗಳ ಸಂದಿಯಿಂದಲೇ ತುಪ್ಪ ಬಿಡುತ್ತಿದ್ದಳು. ಆಕೆ ನಲವತ್ತೈದು ವರ್ಷ ಪ್ರೀತಿಯಿಂದ ತುಂಬಿಸಿದ ಹೊಟ್ಟೆಯನ್ನು ಕತ್ತರಿಸಿ ಹಾಕಿಸಿಕೊಳ್ಳುತ್ತೇನೆ ಎಂದು ಯಾವ ಬಾಯಿಯಿಂದ ಹೇಳಲಿ? ತಾಯಿ ಉಣ್ಣಿಸಿ ಉಣ್ಣಿಸಿಯೇ ಮಗನಿಗೆ ಈ ಗತಿ ತಂದಳೆಂದು ಓಣಿಯ ಹೆಂಗಸರು ಆಡಿಕೊಳ್ಳುವುದು ಈಗಲೇ ಕಿವಿಗೆ ಕೇಳಿಸುತ್ತಿತ್ತು. ಅದಕ್ಕೇ ಸುಳ್ಳು ಹೇಳಿದೆ.

ಆಷಾಢದಲ್ಲಿ ಮದುವೆಗಳಿಲ್ಲ, ಅಂಗಡಿಯಲ್ಲಿ ನೊಣ ಹೊಡೆಯುವ ಕೆಲಸ. ಹೊಸ ಮಾಲು ನೋಡಲು ಸೂರತ್ತಿಗೆ ಹೋಗುತ್ತೇನೆ ಎಂದೆ. ಹೆಂಡತಿ ತನ್ನ ತಂಗಿಯ ಮನೆಗೆ ಹೋಗುತ್ತೇನೆ ಎಂದಳು. ಇಬ್ಬರೂ ಬೆಳಗಾವಿಯಲ್ಲಿ ಇಳಿದೆವು. ಮೀರಜ್ ಹತ್ತಿರವಿತ್ತು, ಆದರೆ ಮೀರಜಿನ ಯಾವ ಆಸ್ಪತ್ರೆಗೆ ಹೋದರೂ ಪಕ್ಕದ ಕಾಟಿನ ಮೇಲೆ ನಮ್ಮೂರಿನವರೊಬ್ಬರು ಮಲಗಿಯೇ ಇರುತ್ತಾರೆ.

ಆಪರೇಷನ್ ಸುಸೂತ್ರವಾಯಿತು. ಬಿಡುಗಡೆ ಮಾಡುವಾಗ ಡಾಕ್ಟರು ಒಂದು ಮಾತ್ರೆ ಬರೆದು ಕೊಟ್ಟು ಒತ್ತಿ ಒತ್ತಿ ಹೇಳಿದರು: ತೂಕ ಬೇಗ ಇಳಿಯುವಾಗ ಪಿತ್ತಕೋಶದಲ್ಲಿ ಹರಳು ಕಟ್ಟಬಹುದು, ಆರು ತಿಂಗಳು ಇದನ್ನು ತಪ್ಪಿಸಬೇಡಿ. ನಾನು ಕಲಿಯುವ ಹುಡುಗನಂತೆ ತಲೆಯಾಡಿಸಿದೆ.

ಮನೆಯಲ್ಲಿ ಮಾತ್ರೆ ಇಟ್ಟರೆ ಅವ್ವ ಕೇಳುತ್ತಾಳೆ. ಹೀಗಾಗಿ ಹೆಂಡತಿಗೂ ಜಾಗ ಹೇಳದೆ ಅಂಗಡಿಯಲ್ಲಿ ಬಚ್ಚಿಟ್ಟೆ. ಎಲ್ಲಿ ಅಂದರೆ, ಬದನೆಕಾಯಿ ಬಣ್ಣದ ಒಡಲು, ಸಾಸಿವೆ ಹಳದಿ ದಡಿಯ ಒಂದು ಸೀರೆಯ ಮಡಿಕೆಯಲ್ಲಿ. ಅದು ನಮ್ಮ ಅಂಗಡಿಯ ಅತ್ಯಂತ ಸುರಕ್ಷಿತ ಜಾಗ. ಆರು ವರ್ಷದಿಂದ ಯಾರೂ ಅದನ್ನು ಬಿಚ್ಚಿ ನೋಡಿರಲಿಲ್ಲ. ತಿಂಗಳೊಪ್ಪತ್ತು ಎಲ್ಲವೂ ಸರಿ ನಡೆಯಿತು. ಗಣಪತಿ ಹಬ್ಬದ ಮುಂಚೆ ಒಂದು ಮಧ್ಯಾಹ್ನ ನಾನು ಊಟ ಮುಗಿಸಿ ಕೆಳಗಿಳಿದರೆ, ಅಂಗಡಿ ನೋಡಿಕೊಳ್ಳುತ್ತಿದ್ದ ಹೆಂಡತಿಯ ಮುಖ ಅರಳಿತ್ತು.

"ಆ ಬದನೀಕಾಯಿ ಸೀರಿ ಹೋತ್ರೀ!" ಎಂದಳು. "ನಿಮ್ಮ ಕೈಲಿ ಆರು ವರ್ಷ ಆಗಿರಲಿಲ್ಲ, ನಾ ಹತ್ತು ನಿಮಿಷದಾಗ ಮಾರಿದ್ನಿ."

ಶಹಬ್ಬಾಸ್ ಎಂದೆ. ಕೊಂಡವಳು ಬೇರೆ ಯಾರೂ ಅಲ್ಲ, ಬೀಳಗಿಯ ಆ ಹಿರಿಯಳೇ. ಎರಡು ದಿನದ ಮೇಲೆ ಆಕೆಯ ಫೋನು ಬಂತು. "ಅಣ್ಣಾರ, ಸೀರಿ ಮಡಿಕ್ಯಾಗ ಗುಳಿಗಿ ಬಂದಾವಲ್ರೀ. ಸೀರಿ ಉಡೂಕಿಂತ ಮೊದಲ ತುಗೋಬೇಕೋ, ಉಟ್ಟ ಮ್ಯಾಲೋ?"

ನಗುತ್ತಲೇ ಅವನ್ನು ಎಸೆದುಬಿಡಲು ಹೇಳಿದೆ. ಹೊಸದನ್ನು ತರಬಹುದಿತ್ತು. ನಾಳೆ ತಂದರಾಯಿತು ಎಂದುಕೊಂಡೆ. ನಾಳೆ ನಾಡಿದ್ದಾಯಿತು. ತೂಕ ಇಳಿಯುತ್ತಿತ್ತು, ಮೆಟ್ಟಿಲು ಹತ್ತುತ್ತಿದ್ದೆ, ಸೀರೆ ಉಟ್ಟರೆ ನೆರಿಗೆ ಬಿದ್ದು ಇನ್ನೂ ಉಳಿಯುತ್ತಿತ್ತು. ಇಷ್ಟು ಚೆನ್ನಾಗಿರುವವನಿಗೆ ಮಾತ್ರೆ ಯಾಕೆ ಎಂಬ ಸೊಕ್ಕು. ಹೆಂಡತಿ ಕೇಳಿದಾಗಲೆಲ್ಲ ತೆಗೆದುಕೊಳ್ಳುತ್ತಿದ್ದೇನೆ ಎಂದೆ. ಒಂದು ಸುಳ್ಳು ಹೇಳಿ ರೂಢಿಯಾದವನಿಗೆ ಎರಡನೆಯದು ಭಾರವಾಗುವುದಿಲ್ಲ.

ಅವ್ವನಿಗೆ ಮಾತ್ರ ನನ್ನ ಅವತಾರ ನೋಡಲಾಗುತ್ತಿರಲಿಲ್ಲ. ಹೆಂಡತಿ ರೊಟ್ಟಿಯನ್ನು ನಾಲ್ಕು ಭಾಗ ಮಾಡಿ ಒಂದನ್ನು ನನ್ನ ತಾಟಿಗೆ ಹಾಕಿದರೆ ಅವ್ವ ಮುಖ ಅತ್ತ ತಿರುಗಿಸುತ್ತಿದ್ದಳು. ಎಲ್ಲದಕ್ಕೂ ಸೂರತ್ತೇ ಕಾರಣ. "ಆ ಹಾಳ ಸೂರತ್ ನೀರು ನನ್ನ ಮಗನ್ನ ಹಿಂಡಿ ಒಣಗಾಕ ಹಾಕೇತಿ" ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಪಕ್ಕದ ಅಂಗಡಿಯವರು ಸೂರತ್ತಿಗೆ ಹೊರಟಾಗ ಎರಡು ಕ್ಯಾನು ನಮ್ಮೂರ ನೀರು ತುಂಬಿಸಿ ಕಳಿಸಿದಳು. ಅವರು ಒಯ್ದರು ಕೂಡ.

ಯುಗಾದಿಯ ದಿನ ಅವ್ವ ಎಂದಿನಂತೆ ಬೇವು ಬೆಲ್ಲ ಕಲಸಿ ಎಲ್ಲರ ಕೈಗೆ ಹಾಕಿದಳು. ತಾನು ಮಾತ್ರ ಗಿಡದಿಂದ ತಂದಿದ್ದ ಬೇವಿನ ಎಸಳನ್ನು ಹಾಗೇ ಬಾಯಿಗೆ ಹಾಕಿಕೊಂಡು ಅಗಿದಳು. ಮುಖ ಕಿವುಚಲಿಲ್ಲ.

"ಯವ್ವಾ, ಬೆಲ್ಲ?" ಎಂದೆ.

"ಬಿಟ್ಟೇನಿ."

ಬೆಲ್ಲ ಬಿಡುವುದೆಂದರೆ! ಊಟವಾದ ಮೇಲೆ ಒಂದು ಚೂರು ಬೆಲ್ಲ, ನಾಲ್ಕು ಶೇಂಗಾ ಇಲ್ಲದೆ ಅವ್ವ ತಾಟಿನ ಮುಂದಿನಿಂದ ಎದ್ದದ್ದನ್ನು ನಾನು ಕಂಡಿಲ್ಲ. ವರ್ಷ ವರ್ಷ ತವರಿನ ಗಾಣದಿಂದ ಆಕೆಗೆಂದೇ ದೊಡ್ಡ ಗಟ್ಟಿಯಾಗಿ ಪೆಂಟೆ ಬೆಲ್ಲ ಬರುತ್ತದೆ. ಇತ್ತೀಚೆಗೆ ಸಪ್ಪೆ ಚಹಾ ಕುಡಿಯುತ್ತಿದ್ದುದು ಗೊತ್ತಿತ್ತು. ವಯಸ್ಸಾಯಿತು, ಸಕ್ಕರೆ ಕಾಯಿಲೆ ಬಂದೀತು ಎಂದು ನೆಪ ಹೇಳಿದ್ದಳು. ನಾವು ನಂಬಿದ್ದೆವು. ಸುಳ್ಳಿನಲ್ಲಿ ನಾನು ಆಕೆಯ ಮಗನೇ.

ಗಂಟುಬಿದ್ದು ಕೇಳಿದ ಮೇಲೆ ಬಾಯಿ ಬಿಟ್ಟಳು. "ದಸರಾದಾಗ ಬನಶಂಕರಿಗೆ ಬೇಡಕೊಂಡೇನಿ. ನನ್ನ ಮಗ ಯಾವತ್ತ ಹೊಟ್ಟಿ ತುಂಬ ಉಣ್ಣತಾನ, ಅವತ್ತ ನಾ ಬೆಲ್ಲ ಮುಟ್ಟತೀನಿ ಅಂತ."

ನನ್ನ ಹಳೆಯ ಹೊಟ್ಟೆ ಬೆಳಗಾವಿಯಲ್ಲಿ ಹೋಗಿ ಎಂಟು ತಿಂಗಳಾಗಿತ್ತು. ಅದು ತುಂಬುವುದನ್ನು ಕಾಯುತ್ತ ಕುಳಿತರೆ ಅವ್ವ ಈ ಜನ್ಮದಲ್ಲಿ ಬೆಲ್ಲ ತಿನ್ನುವ ಹಾಗಿಲ್ಲ. ನಿಜ ಹೇಳಬೇಕಾದ ಹೊತ್ತು ಅದೇ. ನಾನು ಹೇಳಲಿಲ್ಲ. ಬದಲಿಗೆ ಊಟಕ್ಕೆ ಕುಳಿತು "ಇವತ್ತ ಹೋಳಗಿ ನೀನ ಹಾಕವ್ವಾ" ಎಂದೆ. ಹೆಂಡತಿ ಕಣ್ಣು ಬಿಟ್ಟು ನೋಡಿದಳು, ಕಾಲು ತುಳಿದಳು. ಅವ್ವ ಓಡಿ ಬಂದು ಹೋಳಿಗೆ ಹಾಕಿ, ಹಾಲು ಸುರಿದು, ಹಳೆಯ ದಿನಗಳ ಹಾಗೆ ತುಪ್ಪ ಬಿಟ್ಟಳು. ಒಂದು ತಿಂದೆ. ಆಗಲೇ ಎದೆಯವರೆಗೆ ತುಂಬಿ ಬೆವರು ಒಡೆಯಿತು. ಆಕೆಯ ಮುಖದ ಖುಷಿ ನೋಡಿ ಎರಡನೆಯದಕ್ಕೂ ಕೈ ಹಾಕಿದೆ. ಅರ್ಧಕ್ಕೆ ನಿಂತೆ.

ಒಂದು ತಾಸಿನೊಳಗೆ ಬಲಪಕ್ಕೆಯ ಕೆಳಗೆ ನೋವು ಹಿಡಿಯಿತು. ಅಲ್ಲಿಂದ ಬೆನ್ನಿಗೆ, ಬೆನ್ನಿನಿಂದ ಬಲ ಹೆಗಲಿಗೆ ಹೋಯಿತು. ತಿಂದದ್ದೆಲ್ಲ ಹೊರಗೆ ಬಂದರೂ ನೋವು ಬಿಡಲಿಲ್ಲ. ಪಿತ್ತ ಎಂದರು, ವಾಯು ಎಂದರು, ಅಜವಾನದ ನೀರು ಕುಡಿಸಿದರು, ಸೋಡಾ ಕುಡಿಸಿದರು. ನಾನು ನೆಲದ ಮೇಲೆ ಹೊರಳಾಡತೊಡಗಿದಾಗ ಹೆಂಡತಿ ಕಾರು ಕರೆಸಿದಳು. ಜಮಖಂಡಿ ಮುಟ್ಟುವವರೆಗೂ ಅವ್ವ ನನ್ನ ಕೈ ಬಿಡಲಿಲ್ಲ. "ನಾ ಹಾಕಬಾರದಿತ್ತು, ನಾ ಹಾಕಬಾರದಿತ್ತು" ಎಂದು ಒಂದೇ ಸಮನೆ ಹೇಳುತ್ತಿದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರು ಪಕ್ಕೆಯ ಕೆಳಗೆ ಒತ್ತಿದರು. ನಾನು ಕೂಗಿದೆ.

"ಹಿಂದ ಏನಾರ ಆಪರೇಷನ್ ಆಗೇತೇನ್ರಿ?"

ಅವ್ವ ತಲೆಯ ಹತ್ತಿರವೇ ನಿಂತಿದ್ದಳು. "ಇಲ್ರೀ" ಎಂದೆ.

ಡಾಕ್ಟರು ನನ್ನ ಅಂಗಿ ಮೇಲೆತ್ತಿ ಹೊಟ್ಟೆಯ ಮೇಲಿನ ಐದು ಸಣ್ಣ ಗುರುತುಗಳನ್ನು ಬೆರಳಿನಿಂದ ಎಣಿಸಿದರು. "ಹಂಗಾರ ಇವೇನ್ರಿ?"

ಸೂರತ್ತಿನ ಸೊಳ್ಳೆ ಎನ್ನಲೂ ಹಿಂಜರಿಯದ ಸ್ಥಿತಿ ನನ್ನದು. ಹೆಂಡತಿ ಅದಕ್ಕೆ ಆಸ್ಪದ ಕೊಡಲಿಲ್ಲ. "ಸಾಕ ಮಾಡ್ರಿ ಇನ್ನ!" ಎಂದು ನನ್ನನ್ನು ಗದರಿಸಿ, ಬೆಳಗಾವಿಯಿಂದ ಹಿಡಿದು ಎಲ್ಲವನ್ನೂ ಡಾಕ್ಟರಿಗೆ ಹೇಳಿದಳು. ಮಾತ್ರೆ ತಪ್ಪಿಸಿದ್ದನ್ನು ಆಗ ನಾನೇ ಒಪ್ಪಿಕೊಂಡೆ. ಹೆಂಡತಿ ನನ್ನತ್ತ ನೋಡಿದ ನೋಟ ಹರಳಿಗಿಂತ ಹೆಚ್ಚು ಚುಚ್ಚಿತು. ಅವ್ವ ಹೊರಗೆ ಹೋದಳು.

ಸ್ಕ್ಯಾನ್‌ನಲ್ಲಿ ಪಿತ್ತಕೋಶದ ತುಂಬ ಹರಳು ಕಂಡವು. ಬೆಳಗಾವಿಯ ಡಾಕ್ಟರ ಜೊತೆ ಫೋನಿನಲ್ಲಿ ಮಾತಾಡಿ, ಮರುದಿನ ಬೆಳಿಗ್ಗೆ ಪಿತ್ತಕೋಶವನ್ನೇ ತೆಗೆಯುವುದೆಂದು ನಿರ್ಧರಿಸಿದರು. ಅದಕ್ಕೆ ನಾನು ಹೆದರಲಿಲ್ಲ. ಒಂದು ಅಂಗ ಕಳೆದುಕೊಂಡು ಬಂದವನಿಗೆ ಎರಡನೆಯದು ಪರಿಚಿತ ದಾರಿ. ನನಗೆ ಭಯವಿದ್ದದ್ದು ಬಾಗಿಲಾಚೆ ಬೆಂಚಿನ ಮೇಲೆ ಕುಳಿತವಳದು.

ಎಷ್ಟೋ ಹೊತ್ತಿನ ಮೇಲೆ ಅವ್ವ ಒಳಗೆ ಬಂದು ಸ್ಟೂಲಿನ ಮೇಲೆ ಕುಳಿತಳು. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಒಳ್ಳೆಯದಿತ್ತು.

"ನಾ ಹೆಚ್ಚ ಹಾಕಿದ್ನೇನೋ ಯಪ್ಪಾ?" ಎಂದಳು.

ಈ ಒಂದು ಪ್ರಶ್ನೆ ಬರಬಾರದೆಂದೇ ನಾನು ಎಂಟು ತಿಂಗಳು ಸುಳ್ಳು ಹೇಳಿದ್ದು. ಅಳು ತಡೆಯಲಾಗಲಿಲ್ಲ. "ಇಲ್ಲವ್ವಾ, ನಾನ ಹೆಚ್ಚ ಬೇಡಿದೆ" ಎಂದೆ. ಆಕೆ ಸೆರಗಿನಿಂದ ನನ್ನ ಮುಖ ಒರೆಸಿ, ಅದೇ ಸೆರಗಿನಿಂದ ತನ್ನ ಮೂಗು ಒರೆಸಿಕೊಂಡಳು.

ಆಪರೇಷನ್ ಆದ ಮೇಲೆ ಡಾಕ್ಟರು ಒಂದು ಸಣ್ಣ ಬಾಟಲಿಯಲ್ಲಿ ಹರಳುಗಳನ್ನು ಹಾಕಿ ತೋರಿಸಿದರು. ಜೋಳದ ಕಾಳಿನಷ್ಟಿದ್ದವು. ಅವ್ವ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದಳು. "ಸೂರತ್ ನೀರಿಗೆ ಸುಮ್ಮನ ಬೈದೆ" ಎಂದು ತನ್ನಷ್ಟಕ್ಕೇ ಅಂದುಕೊಂಡಳು. ಆಮೇಲೆ ಡಾಕ್ಟರತ್ತ ತಿರುಗಿದಳು.

"ಸಾಹೇಬ್ರ, ಇವಂಗ ಹೊಟ್ಟಿ ತುಂಬಾಕ ಈಗ ಎಷ್ಟ ಬೇಕ್ರಿ?"

"ಕಾಲ ರೊಟ್ಟಿ ಸಾಕ್ರೀ ಅಮ್ಮಾರ. ಜಾಸ್ತಿ ಆದ್ರ ತ್ರಾಸ."

"ಕಾಲ ರೊಟ್ಟಿ ಉಂಡ್ರ ಪೂರಾ ತುಂಬಿದಂಗೇನ್ರಿ?"

"ಪೂರಾ ತುಂಬಿದಂಗ್ರಿ."

"ಖರೆ ಹೇಳ್ರಿ. ದೇವರ ಕೆಲಸ ಐತಿ."

ಡಾಕ್ಟರಿಗೆ ಏನೂ ಅರ್ಥವಾಗಲಿಲ್ಲ. ಆದರೂ ಖರೆ ಎಂದರು.

ಮನೆಗೆ ಬಂದು ಒಂದು ವಾರ ಗಂಜಿ, ಬೇಳೆಯ ಕಟ್ಟಿನಲ್ಲಿ ಕಳೆಯಿತು. ಹೊಸ ಮಾತ್ರೆಗಳು ಈಗ ದೇವರ ಜಗುಲಿಯ ಪಕ್ಕದಲ್ಲಿ, ಎಲ್ಲರ ಕಣ್ಣೆದುರಿಗೇ ಇದ್ದವು. ಎಂಟನೆಯ ದಿನ ಮಧ್ಯಾಹ್ನ ಅವ್ವ ಹೆಂಡತಿಯನ್ನು ಒಲೆಯ ಮುಂದಿನಿಂದ ಎಬ್ಬಿಸಿ ತಾನು ಕುಳಿತಳು. ಬಡಿಯುವ ಸಪ್ಪಳ ಕೇಳಿಸಿತು, ಬೇಗನೆ ನಿಂತಿತು. ಆಕೆಯ ಕೈ ಇಷ್ಟು ವರ್ಷ ಹಂಚಿನ ಅಗಲದ ರೊಟ್ಟಿ ಬಡಿದ ಕೈ. ತಾಟಿನಲ್ಲಿ ಬಂದದ್ದು ಅಂಗೈಯಷ್ಟು ಅಗಲದ ರೊಟ್ಟಿ. ಹರಿದ ತುಂಡಲ್ಲ, ಸುತ್ತಲೂ ದುಂಡಗೆ ಇಡಿಯಾದ ರೊಟ್ಟಿ.

"ಸಾಲಿಗೆ ಹೋಗೂಕಿಂತ ಮೊದಲ ಹಟಾ ಮಾಡಿ ಇಷ್ಟ ರೊಟ್ಟಿ ಬಡಸ್ಕೋತಿದ್ದಿ" ಎಂದಳು. "ಉಣ್ಣು. ಸಾವಕಾಶ ಉಣ್ಣು."

ತಿಳಿಸಾರಿನಲ್ಲಿ ಅದ್ದಿಕೊಂಡು ಒಂದೊಂದೇ ಚೂರು ಅಗಿದೆ. ಅವ್ವ ಎದುರಿಗೆ ಕುಳಿತು ಒಂದೊಂದು ತುತ್ತನ್ನೂ ನೋಡಿದಳು. ತಾಟು ಖಾಲಿಯಾಯಿತು.

"ತುಂಬ್ತೇನೋ?"

"ತುಂಬ್ತವ್ವಾ."

"ಖರೆ?"

"ಖರೇನ."

ಎಂಟು ತಿಂಗಳಲ್ಲಿ ಆಕೆಗೆ ನಾನು ಹೊಟ್ಟೆಯ ಬಗ್ಗೆ ಹೇಳಿದ ಮೊದಲ ನಿಜ ಅದು. ಅವ್ವ ಎದ್ದು ಜಗುಲಿಗೆ ಕೈ ಮುಗಿದಳು. ಒಳಗಿನಿಂದ ಪೆಂಟೆ ಬೆಲ್ಲ ತಂದು ನನ್ನ ಮುಂದೆಯೇ ಕುಟ್ಟಿ, ಒಂದು ಚೂರನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು. ಅದು ಕರಗಿದ ಮೇಲೆ ಕಣ್ಣು ತೆರೆದು, ಮೊದಲಿನದಕ್ಕಿಂತ ದೊಡ್ಡದೊಂದು ಚೂರನ್ನು ಆರಿಸಿದಳು.

"ಇದು ಯುಗಾದೀದು" ಎಂದಳು.