ಏಳುನೂರರ ಎಡಗಡೆಯ ಸೊನ್ನೆ

ಕೊಪ್ಪದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುವ ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ನಮ್ಮ ಲ್ಯಾಬಿನಲ್ಲಿ ಎಲ್ಲರ ಫೈಲುಗಳೂ ಒಂದೇ ಸರ್ವರಿನಲ್ಲಿರುತ್ತವೆ. ಪರೀಕ್ಷೆಯ ದಿನ ಪೆನ್‌ಡ್ರೈವ್ ಹಿಡಿದು ಒಬ್ಬೊಬ್ಬರಿಂದ ಉತ್ತರ ಇಸಿದುಕೊಳ್ಳುವುದು ಸಾಕುಸಾಕಾಗಿ, ನಾನೇ ಸಿ ಭಾಷೆಯಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದೆ. ಅದನ್ನು ಓಡಿಸಿದರೆ ವಿದ್ಯಾರ್ಥಿಯ ಉತ್ತರ ಪರೀಕ್ಷೆಯ ಫೋಲ್ಡರಿಗೆ ಹೋಗಿ ಕೂರುತ್ತದೆ. ಕೊನೆಯ ಸಾಲು ಆ ಫೈಲಿನ ಪರ್ಮಿಷನ್ನನ್ನು 700 ಮಾಡುತ್ತದೆ. 700 ಎಂದರೆ ಬರೆದವರಿಗೆ ಎಲ್ಲ ಹಕ್ಕು, ಮಿಕ್ಕವರಿಗೆ ಏನೂ ಇಲ್ಲ. ಇನ್ನು ಯಾರು ಯಾರದ್ದನ್ನು ಕಾಪಿ ಹೊಡೆಯುತ್ತಾರೋ ನೋಡೋಣ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಪರೀಕ್ಷೆಯ ದಿನ ಹೆಚ್ಚಿನವರು ಉತ್ತರ ಕಳಿಸಿದ್ದೇ ತಡ ಬಸ್ಸಿಗೆ ಓಡಿದರು. ಕೊಪ್ಪದ ಹತ್ತಿರದ ನಾರ್ವೆ ಎಂಬ ಊರಿನ ಕಡೆಯ ಹುಡುಗಿಯೊಬ್ಬಳು ಕಳಿಸಿದ ಮೇಲೂ ಕೂತಿದ್ದಳು. ಯಾವುದನ್ನೂ ಎರಡು ಸಲ ನೋಡದೆ ಬಿಡುವವಳಲ್ಲ.

"ಸರ್, ನನ್ನ ಫೈಲು ನಂಗೇ ಓಪನ್ ಆಗ್ತಾ ಇಲ್ಲ" ಅಂದಳು.

"ಎಂತ ಒತ್ತಿಬಿಟ್ಟೆಯೋ ಏನೋ ಮಾರಾಯ್ತಿ. ಕಳಿಸಿ ಆಯ್ತಲ್ಲ, ಹೋಗು" ಅಂದೆ. ನನ್ನ ಕಂಪ್ಯೂಟರಿನಲ್ಲಿ ಅದು ಸಲೀಸಾಗಿ ತೆರೆದಿತ್ತು. ಸರ್ವರಿನ ಉಸ್ತುವಾರಿ ನನ್ನದೇ ಆದ್ದರಿಂದ ಯಾವ ಫೈಲೂ ನನಗೆ ಇಲ್ಲ ಅನ್ನುವುದಿಲ್ಲ ಎಂಬುದು ಆಗ ಹೊಳೆಯಲಿಲ್ಲ.

ಉತ್ತರಗಳನ್ನು ತಿದ್ದಲು ಕೂತೆ. ಪ್ರಶ್ನೆ ಇದ್ದದ್ದು ಸರಾಸರಿ ತೆಗೆಯುವ ಪ್ರೋಗ್ರಾಂ ಬರೆಯುವುದು. ಅವಳು ತನ್ನಪ್ಪ ಮನೆಯಲ್ಲಿ ದಿನಾ ಅಳೆದು ಬರೆದಿಟ್ಟ ಮಳೆಯ ಇಂಚುಗಳನ್ನೇ ಹಾಕಿದ್ದಳು, ಹಾಗೆಂದು ಮೇಲೊಂದು ಟಿಪ್ಪಣಿಯನ್ನೂ ಬರೆದಿದ್ದಳು. ಮೇಗುಂದದ ಹುಡುಗನೊಬ್ಬನ ಉತ್ತರದಲ್ಲಿ ಟಿಪ್ಪಣಿ ಇರಲಿಲ್ಲ, ಇಂಚುಗಳು ಮಾತ್ರ ಅವೇ. ಸಾಲುಗಳೂ ಅವೇ. ನಾರ್ವೆಯಲ್ಲಿ ಬಿದ್ದ ಮಳೆ ಚೂರೂ ಹೆಚ್ಚುಕಡಿಮೆಯಿಲ್ಲದೆ ಮೇಗುಂದದಲ್ಲಿ ಬೀಳುವುದುಂಟೆ?

ಇಬ್ಬರನ್ನೂ ಕ್ಲಾಸಿನ ಮುಂದೆ ನಿಲ್ಲಿಸಿದೆ. ಹುಡುಗ ನೆಲ ನೋಡಿದ. ಬೀಗ ಹಾಕಿದ್ದ ಫೈಲು ಅವನಿಗೆ ಸಿಕ್ಕಿದೆ ಎಂದರೆ ಇವಳೇ ಕೊಟ್ಟಿರಬೇಕು ಎಂದು ನನ್ನ ತೀರ್ಮಾನ.

"ನಾ ಕೊಡ್ಲಿಲ್ಲ ಸರ್. ನಂಗೇ ಓಪನ್ ಆಗದ್ದನ್ನ ಯಾರಿಗೆ ಕೊಡ್ಲಿ?"

ಕ್ಲಾಸು ನಕ್ಕಿತು. ನನಗೆ ಸಿಟ್ಟು ನೆತ್ತಿಗೇರಿತು. ಇಬ್ಬರ ಅಂಕಕ್ಕೂ ಗೀಟು ಎಳೆದೆ. ಹುಡುಗ ಅದನ್ನು ಒಂದೇ ದಿನದಲ್ಲಿ ಮರೆತ. ಅವಳಿಗೆ ಕಾಪಿ ಕೊಟ್ಟವಳು ಎಂಬ ಹೆಸರು ಅಂಟಿತು. ಮುಂದಿನ ಬೆಂಚು ಬಿಟ್ಟು ಹಿಂದೆ ಹೋದಳು, ಪ್ರಶ್ನೆ ಕೇಳುವುದನ್ನೂ ಬಿಟ್ಟಳು. ಬುದ್ಧಿ ಬಂತು ಎಂದುಕೊಂಡೆ.

ಎರಡು ತಿಂಗಳಾದ ಮೇಲೆ ಕೊನೆಯ ಪರೀಕ್ಷೆಗೆ ಹೊರಗಿನಿಂದ ಪರೀಕ್ಷಕರೊಬ್ಬರು ಬಂದರು. ವಿದ್ಯಾರ್ಥಿಗಳು ಲ್ಯಾಬಿನ ಕೆಲಸ ಬರೆದಿಡುವ ರೆಕಾರ್ಡ್ ಪುಸ್ತಕಗಳನ್ನು ಪುಟ ಬಿಡದೆ ಓದುವ ಹೆಂಗಸು. ಒಂದು ಪುಸ್ತಕ ನನ್ನ ಕಡೆ ತಿರುಗಿಸಿ, "ಇದನ್ನ ನೋಡಿದ್ರಾ?" ಎಂದು ಕೇಳಿದರು.

ನಾರ್ವೆಯ ಹುಡುಗಿಯ ಅಕ್ಷರ, ಎರಡು ತಿಂಗಳ ಹಿಂದಿನ ಆ ಪರೀಕ್ಷೆಯ ಮರುದಿನದ ತಾರೀಕು. ಪರೀಕ್ಷೆಯ ಫೋಲ್ಡರಿನಲ್ಲಿ ಫೈಲನ್ನು ಬರೆದವರೇ ಓದುವಂತಿಲ್ಲ, ಉಳಿದವರೆಲ್ಲ ಓದಬಹುದು ಎಂದು ಬರೆದಿದ್ದಳು. ಫೈಲಿನ ಮೇಲೆ ಕೂತಿರುವ ಸಂಖ್ಯೆ 1274. ಅದು ಎಂಟರ ಲೆಕ್ಕ, ಹತ್ತರ ಬದಲು ಎಂಟೆಂಟಾಗಿ ಎಣಿಸುವುದು. ಹತ್ತರ ಲೆಕ್ಕಕ್ಕೆ ತಂದರೆ ಸರಿಯಾಗಿ 700. ಆದ್ದರಿಂದ ಪ್ರೋಗ್ರಾಮಿನಲ್ಲಿ 700ರ ಎಡಗಡೆ ಒಂದು ಸೊನ್ನೆ ಬಿಟ್ಟುಹೋಗಿರಬಹುದು.

ನನ್ನ ಪ್ರೋಗ್ರಾಂ ತೆಗೆದು ನೋಡಿದೆ. ಸೊನ್ನೆ ಇರಲಿಲ್ಲ. ಕೈಯಲ್ಲಿ ಕಮಾಂಡ್ ಕೊಡುವಾಗ ಬರೀ 700 ಸಾಕು, ಯಂತ್ರ ಅದನ್ನು ಎಂಟರ ಲೆಕ್ಕದಲ್ಲೇ ಓದುತ್ತದೆ. ಸಿ ಪ್ರೋಗ್ರಾಮಿನೊಳಗೆ 0700 ಎಂದೇ ಬರೆಯಬೇಕು, ಇಲ್ಲವಾದರೆ ಹತ್ತರ ಲೆಕ್ಕವಾಗಿ ಹಕ್ಕುಗಳೆಲ್ಲ ಅದಲುಬದಲು. ಮೇಗುಂದದ ಹುಡುಗ ಅವಳ ಫೈಲನ್ನು ತಾನೇ ತೆರೆದುಕೊಂಡಿದ್ದ. ವರ್ಷವರ್ಷ ಪಾಠ ಹೇಳುವವನು ನಾನೇ. ದೀಪದ ಬುಡದಲ್ಲಿ ಕತ್ತಲೆ.

ಅವಳ ಸಾಲುಗಳ ಕೆಳಗೆ ಕೆಂಪು ಶಾಯಿಯಲ್ಲಿ ನನ್ನ ಸೈನ್ ಇತ್ತು. ರೆಕಾರ್ಡುಗಳನ್ನು ರಾಶಿ ಹಾಕಿಕೊಂಡು, ಕಾಫಿ ಕುಡಿಯುತ್ತ, ಪುಟ ಸರಿಸಿ ಸೈನ್ ಹಾಕುವುದು ನಮ್ಮಲ್ಲಿ ವಾಡಿಕೆ.

ಅಂಕ ಸರಿಮಾಡಿ ಅವಳನ್ನು ಹುಡುಕಿಕೊಂಡು ಹೋದೆ. ಕಾರಿಡಾರಿನಲ್ಲಿ ಸಿಕ್ಕಳು.

"ತಪ್ಪು ನಂದೇ. ಅಂಕ ಹಾಕಿದೀನಿ. ಎಲ್ಲರ ಎದುರಿಗೂ ಹೇಳ್ತೀನಿ" ಅಂದೆ.

"ಗೊತ್ತಿತ್ತು ಸರ್" ಅಂದಳು. "ನೀವು ಸೈನ್ ಹಾಕಿದ್ರಲ್ಲ. ಓದಿಯೂ ಸುಮ್ಮನಿದ್ದೀರಿ ಅಂತ ಮಾಡಿದ್ದೆ."

"ಓದಿರ್ಲಿಲ್ಲ" ಎಂದಷ್ಟೇ ಹೇಳಿದೆ. ಎರಡು ತಿಂಗಳೂ ಆ ಹುಡುಗಿ ನಾನು ಬೇಕೆಂದೇ ಹಾಗೆ ಮಾಡಿದೆ ಎಂದುಕೊಂಡೇ ದಿನಾ ಬೆಳಿಗ್ಗೆ ಎದ್ದು ನಿಂತು ನನಗೆ ನಮಸ್ತೆ ಹೇಳಿದ್ದಳು.