ತಾನಾಗಿ ಏಳುವ ಕೈ

ಬೀದಿಯವರು ಅವಳಿಗೆ ಇಟ್ಟ ಹೆಸರು ಸೂಜಿ. ಮೈ ಸಣ್ಣ, ಮಾತು ಕಡಿಮೆ, ದಿನವಿಡೀ ಹೊಲಿಗೆ ಯಂತ್ರದ ಮುಂದೆ ಬಗ್ಗಿದ ಬೆನ್ನು. ಅಂಗಿಯ ಕಾಲರು ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರು ಸುತ್ತಮುತ್ತ ಎಲ್ಲೂ ಇರಲಿಲ್ಲ. ದೊಡ್ಡ ದೊಡ್ಡ ದರ್ಜಿಗಳೇ ಬಟ್ಟೆಯನ್ನು ಗಂಟು ಕಟ್ಟಿ ಅವಳ ಮನೆಗೆ ಕಳಿಸುತ್ತಿದ್ದರು. ಗಂಡನಿಗೆ ಮಾರುಕಟ್ಟೆಯಲ್ಲಿ ಮಾಂಸದಂಗಡಿ. ಕುರಿಯ ತೊಡೆಯನ್ನು ಒಂದೇ ಏಟಿಗೆ ತುಂಡು ಮಾಡುವ ಬಲಗೈ ಅವನದು, ಮನೆಗೆ ಬಂದ ಮೇಲೂ ಅದು ಸುಮ್ಮನಿರುತ್ತಿರಲಿಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಹೇಳಿ ಬೀದಿ ತನ್ನ ಕಿಟಕಿ ಮುಚ್ಚಿಕೊಳ್ಳುತ್ತಿತ್ತು. ಈ ಮನೆಯಲ್ಲಿ ಉಣ್ಣುವ ಮೊದಲೇ ತಟ್ಟೆ ಹಾರುತ್ತಿತ್ತು. ಗಾದೆ ಕಟ್ಟಿದ ಪುಣ್ಯಾತ್ಮ ಅದನ್ನು ನೋಡಿರಲಿಲ್ಲ.

ಮದುವೆಯಾದ ಹೊಸದರಲ್ಲೇ ಅವಳ ಮುಂದಿನ ಹಲ್ಲು ಉದುರಿತು. ಆಮೇಲೆ ಪಕ್ಕೆಲುಬು ಮುರಿಯಿತು. ಒಮ್ಮೆ ಕುದಿಯುವ ಚಹಾದ ಪಾತ್ರೆಯೇ ಹಾರಿಬಂದು ಹೆಗಲ ಚರ್ಮ ಸುಲಿಯಿತು. ಪ್ರತಿ ಸಲವೂ ಅತ್ತೆ ಒದ್ದೆ ಬಟ್ಟೆ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂರುತ್ತಿದ್ದಳು.

“ಅವನೇನು ಬೇಕೂಂತ ಮಾಡ್ತಾನಾ? ಕೈ ತಾನಾಗಿ ಎದ್ದುಬಿಡುತ್ತೆ ಕಣೇ. ಅವರಪ್ಪಂದೂ ಹಾಗೇ ಇತ್ತು. ಈ ಮನೆ ಗಂಡಸರ ನರಾನೇ ಹಾಗೆ. ಹುಟ್ಟುಗುಣ ಸುಟ್ಟರೂ ಹೋಗಲ್ಲ.”

ಹಾಗೆ ಹೇಳುವಾಗ ಅತ್ತೆ ತನ್ನ ಎಡಗೈಯ ತೋರುಬೆರಳನ್ನು ಮಡಿಲಲ್ಲಿ ಮುಚ್ಚಿಕೊಳ್ಳುತ್ತಿದ್ದಳು. ಆ ಬೆರಳು ಎಂದೋ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು.

ಬಲು ಜಾಣ ಕೈ ಅದು ಎಂದು ಹೇಳಲೇಬೇಕು. ಕುರಿ ತಂದು ಹಾಕುವ ಸಗಟು ವ್ಯಾಪಾರಿಯ ಮುಂದೆ ಒಂದು ದಿನವೂ ತಾನಾಗಿ ಏಳಲಿಲ್ಲ. ಪೊಲೀಸಿನವನು ಎದುರು ಬಂದರೆ ಇನ್ನೊಂದು ಕೈಯನ್ನು ಕೂಡಿಕೊಂಡು ಮುಗಿದು ನಿಲ್ಲುತ್ತಿತ್ತು. ಹೊಸಿಲು ದಾಟಿ ಒಳಗೆ ಬಂದ ಮೇಲಷ್ಟೇ ಅದಕ್ಕೆ ಆ ರೋಗ. ಸೂಜಿ ಇದನ್ನು ಗಮನಿಸಿರಲಿಲ್ಲವೆಂದಲ್ಲ. ಆದರೆ ವರ್ಷಗಟ್ಟಲೆ ಒಂದೇ ಮಾತು ಕಿವಿಗೆ ಬೀಳುತ್ತಿದ್ದರೆ ಹೌದೇನೋ ಎನಿಸಿಬಿಡುತ್ತದೆ.

ಒಂದು ಮಧ್ಯಾಹ್ನ ಊಟಕ್ಕೆ ಬಂದವನು ತನ್ನ ಅಂಗಿಗೆ ಗುಂಡಿ ಹಾಕಿಲ್ಲವೆಂದು ಅದನ್ನು ಅವಳ ಮುಖಕ್ಕೆ ಎಸೆದು ಕೈ ಬೀಸಿದ. ಅವಳ ಮಡಿಲಿಂದ ಉರುಳಿ ಬಿದ್ದ ಗುಂಡಿಯನ್ನು ಹೆಕ್ಕಿಕೊಳ್ಳಲು ಅವಳು ಅದೇ ಹೊತ್ತಿಗೆ ಬಗ್ಗಿದಳು. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸಂತೆ. ಕೈ ಅವಳ ತಲೆಯ ಮೇಲೆ ಹಾದು ಕಿಟಕಿಯ ಗಾಜನ್ನು ಒಡೆದು ಭುಜದವರೆಗೆ ಆಚೆ ಹೋಯಿತು. ಸಿಟ್ಟಿನ ಭರದಲ್ಲಿ ಅವನು ಅದನ್ನು ಹಾಗೆಯೇ ಹಿಂದಕ್ಕೆಳೆದ. ಚೌಕಟ್ಟಿನಲ್ಲಿ ಉಳಿದಿದ್ದ ಗಾಜು ಮೊಣಕೈಗಿಂತ ಮೇಲೆ, ತೋಳಿನ ಒಳಮೈಯನ್ನು ಎಲುಬು ಕಾಣುವಂತೆ ಸೀಳಿತು. ರಕ್ತ ಗೋಡೆಗೆ ಚಿಮ್ಮಿತು, ಹೊಲಿದಿಟ್ಟ ಬಿಳಿ ಕಾಲರುಗಳ ಮೇಲೆ ಬಿತ್ತು, ಅತ್ತೆಯ ಬಾಯಿಯ ಮೇಲೂ ಬಿತ್ತು.

ಸೂಜಿ ನೋಡುತ್ತ ನಿಂತಳು. ಎಷ್ಟು ಹೊತ್ತು ನಿಂತಿದ್ದಳೆಂದು ಆಮೇಲೆ ಯಾರಿಗೂ ಹೇಳಲಿಲ್ಲ. ಅತ್ತೆ ಚೀರಿದಾಗ, ಕಾಲರಿಗೆಂದು ಕತ್ತರಿಸಿದ್ದ ದಪ್ಪ ಪಟ್ಟಿಯನ್ನು ಅವನ ತೋಳಿಗೆ ಬಿಗಿದು, ಕತ್ತರಿಯ ಹಿಡಿಯನ್ನು ಅದರೊಳಗೆ ತೂರಿಸಿ, ರಕ್ತ ನಿಲ್ಲುವ ತನಕ ತಿರುಚಿದಳು.

ಜೀವ ಉಳಿಯಿತು, ರಕ್ತನಾಳ ಕೂಡಿತು, ಆದರೆ ಕೈ ಸತ್ತಿತು. ಮುಷ್ಟಿ ಕಟ್ಟಲು ಬಾರದು, ಚುಚ್ಚಿದರೆ ತಿಳಿಯದು. ಆಸ್ಪತ್ರೆಯಲ್ಲಿ ಕೈಕಾಲಿನ ವ್ಯಾಯಾಮ ಕಲಿಸುವ ಡಾಕ್ಟರಮ್ಮ ಗೋಡೆಯ ಚಿತ್ರದ ಮೇಲೆ ಬೆರಳಿಟ್ಟು ತೋರಿಸಿದಳು.

“ತಲೆಬುರುಡೆಯೊಳಗೆ ಮೆದುಳು. ಅದರ ಬುಡದಿಂದ ಬೆನ್ನುಹುರಿ, ಬೆನ್ನುಮೂಳೆ ಒಳಗೇ ಇಳಿದುಬರುತ್ತೆ. ಕತ್ತಿನ ಹತ್ರ ಅದರಿಂದ ಹೊರಟ ನರಗಳು ತೋಳಿಗೆ ಬರ್ತವೆ. ಮುಟ್ಟಿದ್ದು, ಸುಟ್ಟಿದ್ದು ಮೇಲಕ್ಕೆ ಹೋಗಿ ಮೆದುಳಿಗೆ ಗೊತ್ತಾಗುತ್ತೆ. ಎತ್ತು, ಹಿಡಿ ಅನ್ನೋ ಅಪ್ಪಣೆ ಅಲ್ಲಿಂದ ಕೆಳಕ್ಕೆ ಬರುತ್ತೆ. ಕೈಗೆ ಹೋಗೋ ಎರಡು ದೊಡ್ಡ ನರ ಇವರಿಗೆ ಕತ್ತರಿಸಿಹೋಗಿವೆ.”

“ಹೊಲಿದಿದ್ದಾರಲ್ಲ?” ಎಂದಳು ಸೂಜಿ.

“ನರದ ಮೇಲಿನ ಹೊದಿಕೆಗೆ ಹೊದಿಕೆ ಕೂಡಿಸಿ ಹೊಲಿದಿದ್ದಾರೆ. ಆದ್ರೆ ನರ ಅಂದ್ರೆ ಒಂದೇ ದಾರ ಅಲ್ಲಮ್ಮ, ಒಳಗೆ ಸಾವಿರಾರು ಎಳೆ ಇರ್ತವೆ. ಗಾಯದಿಂದ ಕೆಳಗಿನವು ಸತ್ತುಹೋಗ್ತವೆ. ಮೇಲಿನವು ಖಾಲಿ ಹೊದಿಕೆಯೊಳಗೆ ಬೆಳೀತಾ ಇಳೀಬೇಕು.”

“ದಿನಕ್ಕೆಷ್ಟು ಇಳೀತವೆ?”

“ನಿಮ್ಮ ಮಿಷನ್ನಿನ ಒಂದು ಹೊಲಿಗೆಯಷ್ಟೂ ಇಲ್ಲ.”

ಅಲ್ಲಿಯ ತನಕ ಬೆರಳುಗಳನ್ನು ದಿನವೂ ಮಡಿಸಿ ಬಿಡಿಸಬೇಕು, ಇಲ್ಲವಾದರೆ ಕೀಲುಗಳು ಸೆಟೆದು ನರ ಬಂದರೂ ಉಪಯೋಗವಿಲ್ಲ. ಗಾಯದಿಂದ ಕೆಳಕ್ಕೆ ತೋಳನ್ನು ಬೆರಳ ತುದಿಯಿಂದ ಮೆಲ್ಲಗೆ ತಟ್ಟುತ್ತ ಹೋಗಬೇಕು. ಎಲ್ಲಿ ತಟ್ಟಿದರೆ ಇರುವೆ ಹರಿದಂತೆ ಜುಮ್ಮೆನ್ನುತ್ತದೋ ಎಳೆಗಳು ಅಲ್ಲಿಯವರೆಗೆ ಬಂದಿವೆ ಎಂದು ಅರ್ಥ. ಈ ಕೆಲಸವೆಲ್ಲ ಸೂಜಿಯ ಪಾಲಿಗೆ ಬಂತು. ತನ್ನ ಹಲ್ಲು ಉದುರಿಸಿದ ಕೈಯನ್ನು ತನ್ನದೇ ಮಡಿಲಲ್ಲಿಟ್ಟುಕೊಂಡು ಬೆರಳು ಬೆರಳಾಗಿ ಮಡಿಸುವುದು, ಬಿಡಿಸುವುದು.

ಗಂಡ ಮೆತ್ತಗಾದ. ನೀನೇ ನನ್ನ ಜೀವ ಉಳಿಸಿದೆ ಎಂದು ಅತ್ತ. ಹಸುವಿನಂಥ ಮನುಷ್ಯ ಆಗಿಬಿಟ್ಟ ಎಂದು ಬೀದಿಯವರೂ ಮೆಚ್ಚಿದರು. ಸೂಜಿಯೊಳಗೂ ಒಂದು ಆಸೆ ಹುಟ್ಟಿತು. ಹಳೆಯ ಎಳೆಗಳ ಜೊತೆಗೆ ಆ ರೋಗವೂ ಸತ್ತಿರಬಹುದಲ್ಲ? ಹೊಸ ಎಳೆ ಹೊಸ ಕೈಯನ್ನೇ ತರಬಹುದಲ್ಲ? ಅವಳಿಗೆ ಬೇಕಾಗಿದ್ದುದು ಅಷ್ಟೇ. ಬರುವ ಕೈ ಹೊಡೆಯದ ಕೈಯಾಗಿರಬೇಕು.

ಜುಮ್ಮೆನ್ನುವ ಜಾಗ ಮೊಣಕೈ ದಾಟಿ, ಮುಂದೋಳಿನಲ್ಲಿ ಇಳಿಯುತ್ತಿದ್ದ ದಿನಗಳು. ಒಂದು ಬೆಳಿಗ್ಗೆ ತಟ್ಟಿ ನೋಡಿ, “ನಿನ್ನೆ ಇದ್ದಲ್ಲೇ ಇದೆ ರೀ,” ಎಂದಳು.

“ಬೇಕೂಂತಲೇ ನಿಧಾನ ಮಾಡ್ತಿದೀಯ!” ಎಂದು ಅವನು ಅರಚಿದ.

ಭುಜದ ನರಗಳಿಗೆ ಏನೂ ಆಗಿರಲಿಲ್ಲ. ತೋಳು ಎದ್ದಿತು, ಬೀಸಿತು, ತುದಿಯಲ್ಲಿ ಜೋತಾಡುತ್ತಿದ್ದ ಸತ್ತ ಕೈ ಒದ್ದೆ ಬಟ್ಟೆಯ ಹಾಗೆ ಅವಳ ಮುಖಕ್ಕೆ ಬಡಿಯಿತು. ಉಗುರು ರೆಪ್ಪೆಯನ್ನು ಸೀಳಿತು. ಅವನು ಮತ್ತೆ ಹೊಡೆದ, ಮತ್ತೂ ಹೊಡೆದ. ಅವಳ ತಲೆ ಯಂತ್ರದ ಕಬ್ಬಿಣದ ಚಕ್ರಕ್ಕೆ ತಾಗಿತು. ಗುರಿ ತಪ್ಪಿದ ಏಟು ಅದೇ ಚಕ್ರಕ್ಕೆ ಬಿದ್ದು ಅವನ ಬೆರಳ ಗೆಣ್ಣುಗಳ ಚರ್ಮ ಕಿತ್ತುಬಂದರೂ ಅವನಿಗೆ ಗೊತ್ತಾಗಲಿಲ್ಲ, ನೋವನ್ನು ಮೇಲಕ್ಕೆ ಒಯ್ಯುವ ದಾರಿಯೇ ಇರಲಿಲ್ಲವಲ್ಲ. ನೆಲದ ಮೇಲಿನ ರಕ್ತದಲ್ಲಿ ಅರ್ಧ ತನ್ನದೇ ಎಂದು ಕಂಡಾಗಲೇ ಅವನು ನಿಲ್ಲಿಸಿದ್ದು.

“ಕೈ ತಾನಾಗಿ...” ಎಂದ.

ಸೂಜಿ ಆ ಕೈಯನ್ನೇ ದಿಟ್ಟಿಸಿದಳು. ಒಂದು ಗುಂಡಿಯನ್ನು ಹೆಕ್ಕಲಾರದ ಕೈ. ಬೆರಳು ಸತ್ತಿತ್ತು, ಹೊಡೆತ ಸತ್ತಿರಲಿಲ್ಲ. ಹಾಗಾದರೆ ಹೊಡೆತ ಇದ್ದುದು ಬೆರಳಿನಲ್ಲಿ ಅಲ್ಲ.

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಅವನನ್ನು ಹೊರಗೆ ಕೂರಿಸಿ ಒಬ್ಬಳೇ ಒಳಗೆ ಹೋಗಿ ಕೇಳಿದಳು. “ಡಾಕ್ಟ್ರಮ್ಮಾ, ಕೈ ತಾನಾಗಿ ಏಳುತ್ತಾ?”

ಡಾಕ್ಟರಮ್ಮ ಅವಳ ರೆಪ್ಪೆಯ ಗಾಯವನ್ನು ನೋಡಿದಳು. “ಬಿಸಿ ಇಸ್ತ್ರಿಪೆಟ್ಟಿಗೆ ತಾಗಿದ್ರೆ ಕೈ ತಾನಾಗಿ ಹಿಂದಕ್ಕೆ ಬರುತ್ತೆ. ಮೆದುಳಿಗೆ ಸುದ್ದಿ ಮುಟ್ಟೋ ಮೊದಲೇ ಬೆನ್ನುಹುರಿನೇ ಅಪ್ಪಣೆ ಕೊಟ್ಟುಬಿಡುತ್ತೆ. ಅದು ತಪ್ಪಿಸಿಕೊಳ್ಳೋಕೆ ಇರೋದು. ಎದುರಿಗಿರೋರ ಮುಖ ಎಲ್ಲಿದೆ ಅಂತ ನೋಡಿ, ಗುರಿಯಿಟ್ಟು ಬೀಸೋಕೆ ಮೆದುಳು ಬೇಕಮ್ಮ. ಮೇಲಿಂದ ಅಪ್ಪಣೆ ಬರದೆ ಆ ಕೆಲಸ ಆಗಲ್ಲ.”

ವಾಪಸು ಬರುವಾಗ ದಾರಿಯುದ್ದಕ್ಕೂ ಅವಳ ಮೈ ಉರಿಯುತ್ತಿತ್ತು. ಅಷ್ಟು ವರ್ಷ ಅವಳು ಪೆಟ್ಟು ತಿಂದಿದ್ದು ಸಾಲದೆಂದು, ಹೊಡೆದವನ ಮೇಲೆ ಮರುಕವನ್ನೂ ಪಟ್ಟಿದ್ದಳು. ಅದಕ್ಕೇ ಅವಳಿಗೆ ಹೆಚ್ಚು ಸಿಟ್ಟು ಬಂದದ್ದು.

ಆದರೂ ವ್ಯಾಯಾಮ ಬಿಡಲಿಲ್ಲ. ಇವಳೇ ಕೈ ಹಾಳು ಮಾಡಿದಳು ಎಂದು ನಾಳೆ ಯಾರೂ ಹೇಳಬಾರದು. ಕೈ ಪೂರ್ತಿ ಬರಲಿ, ಬಂದು ಏನು ಮಾಡುತ್ತದೋ ನೋಡೇಬಿಡೋಣ ಎಂದು ಹಲ್ಲು ಕಚ್ಚಿ ಮಡಿಸಿದಳು, ಬಿಡಿಸಿದಳು, ತಟ್ಟಿದಳು. ಆ ತೋಳಿನ ಒಂದೊಂದು ಜಾಗವೂ ಅವಳಿಗೆ ಬಾಯಿಪಾಠವಾಯಿತು. ಮೊಣಕೈಯ ಹಿಂದೆ, ಒಳಮಗ್ಗುಲಿಗೆ, ಎರಡು ಎಲುಬಿನ ನಡುವೆ ಒಂದು ಸಣ್ಣ ಗುಳಿಯಿದೆ. ನರ ಅಲ್ಲಿ ಚರ್ಮದ ಕೆಳಗೇ ಬರಿದಾಗಿ ಹಾದುಹೋಗುತ್ತದೆ. ಅಲ್ಲಿ ಚೂರು ಒತ್ತಿದರೂ ಅವನು ಹೌಹಾರಿ ಬೀಳುತ್ತಿದ್ದ.

ವರ್ಷ ಕಳೆದು ಮತ್ತಷ್ಟು ತಿಂಗಳಾದ ಮೇಲೆ ಮುಷ್ಟಿ ಕಟ್ಟಿತು. ಮೊದಲ ಸಲ ಮಾಂಸದ ಕತ್ತಿ ಹಿಡಿದ ದಿನ ಅವನು ಮಧ್ಯಾಹ್ನವೇ ಮನೆಗೆ ಬಂದು ಅಮ್ಮನಿಗೆ ಮುಷ್ಟಿ ತೋರಿಸಿದ. ಅತ್ತೆ ಆ ಮುಷ್ಟಿಯನ್ನು ಕಣ್ಣಿಗೊತ್ತಿಕೊಂಡಳು. ಆಮೇಲೆ ಅವನ ಕಣ್ಣು ಕಿಟಕಿಯ ಕಡೆಗೆ ಹೋಯಿತು.

“ಇನ್ನೂ ಹಲಗೆ ಹೊಡೆದೇ ಇಟ್ಟಿದೀಯಾ? ಗಾಜು ಹಾಕಿಸೋಕೆ ಏನು ಕೇಡು ನಿಂಗೆ?”

“ಒಡೆದವರು ಹಾಕಿಸಲಿ,” ಎಂದಳು ಸೂಜಿ, ಬಟ್ಟೆ ಕತ್ತರಿಸುತ್ತ.

ಮುಷ್ಟಿ ಎದ್ದಿತು. ಎದ್ದ ತೋಳಿನಲ್ಲಿ ಮೊಣಕೈ ಮಡಿಚಿಕೊಂಡು ಆ ಗುಳಿ ಅವಳ ಕಣ್ಣೆದುರಿಗೇ ಬಂತು. ಅವಳು ಭಾರದ ಕತ್ತರಿಯನ್ನು ತಿರುಗಿಸಿ ಹಿಡಿಯಿಂದ ಅಲ್ಲಿಗೇ ಬಾರಿಸಿದಳು. ಅವನು ಕೊಯ್ಯುವ ಕುರಿಯ ಹಾಗೆ ಅರಚಿದ. ಮುಷ್ಟಿ ತೆರೆದುಕೊಂಡಿತು, ಮಂಡಿ ನೆಲಕ್ಕೆ ಬಿತ್ತು. ಎರಡನೆಯ ಏಟು ಬಾಯಿಗೆ ಬಿತ್ತು. ಅದು ಹಳೆಯ ಹಲ್ಲಿನ ಲೆಕ್ಕ. ಅವನು ರಕ್ತ ಉಗುಳುತ್ತ ತೊದಲಿದ.

“ತಾನಾಗಿ ಎದ್ದಿತು ಕಣೇ... ಕೈ ತಾನಾಗಿ...”

“ನಂದು ತಾನಾಗಿ ಏಳಲಿಲ್ಲ,” ಎಂದಳು ಸೂಜಿ. “ನಾನೇ ಎತ್ತಿದ್ದು. ನಿನ್ನ ಮುಖ ನೋಡ್ಕೊಂಡೇ ಎತ್ತಿದ್ದು.”

ಅವನನ್ನು ನೀನು ಎಂದು ಅವಳು ಕರೆದದ್ದು ಅದೇ ಮೊದಲು.

“ಅಮ್ಮಾ, ನೋಡು ಇವಳನ್ನ!”

ಅತ್ತೆ ಮಡಿಲಲ್ಲಿ ಮುಚ್ಚಿಟ್ಟಿದ್ದ ತನ್ನ ಸೊಟ್ಟ ಬೆರಳನ್ನು ಹೊರತೆಗೆದು ನೋಡಿಕೊಂಡು, ಗೋಡೆ ಹಿಡಿದು ಎದ್ದಳು. “ನೋಡಿದೆ,” ಎಂದಳು. “ಇದು ನನ್ನ ಮನೆ. ನಿನ್ನ ಹಾಸಿಗೆ ಎತ್ಕೊಂಡು ಹೋಗಿ ಅಂಗಡೀಲಿ ಮಲಕ್ಕೋ. ಇನ್ನು ಈ ಹೊಸಿಲು ತುಳೀಬೇಡ.”

ಅವನು ಅಮ್ಮನ ಮುಖವನ್ನೂ, ಸೂಜಿಯ ಕೈಲಿದ್ದ ಕತ್ತರಿಯನ್ನೂ ನೋಡಿದ. ಹಾಸಿಗೆಯನ್ನು ಎಡಗಂಕುಳಲ್ಲಿ ಇರುಕಿಕೊಂಡು ಹೋದ. ಕಿಟಕಿ ತೆರೆದು ನೋಡುತ್ತಿದ್ದ ಬೀದಿಯವರಿಗೆ ಈ ಸಲ ಯಾವ ಗಾದೆಯೂ ನೆನಪಾಗಲಿಲ್ಲ.

ಬಾಗಿಲು ಹಾಕಿಬಂದ ಅತ್ತೆ ಸೂಜಿಯ ಪಕ್ಕದಲ್ಲಿ ಕೂತಳು. ಈ ಸಲ ಒದ್ದೆ ಬಟ್ಟೆ ತಂದಿರಲಿಲ್ಲ.

“ಎಲ್ಲಿಗೆ ಹೊಡೆದೆ? ಆ ಜಾಗ ತೋರಿಸು.”

ಸೂಜಿ ಅತ್ತೆಯ ಸೊಟ್ಟ ಬೆರಳನ್ನು ಹಿಡಿದು, ಅತ್ತೆಯದೇ ಬಲ ಮೊಣಕೈಯ ಗುಳಿಯಲ್ಲಿಟ್ಟು ಮೆಲ್ಲಗೆ ಒತ್ತಿದಳು. ಮುದುಕಿ ಬೆಚ್ಚಿದಳು. ಕಿರುಬೆರಳಿನವರೆಗೂ ಜುಮ್ಮೆಂದಿತು.

“ಇಷ್ಟು ಹತ್ರಾನೇ ಇತ್ತಾ,” ಎಂದಳು ಅತ್ತೆ. ಬೆರಳನ್ನು ಅಲ್ಲಿಂದ ತೆಗೆಯಲಿಲ್ಲ.